ಕಿರು ಆಟದ ಬಾಗಿಲಿಗೆ ಇಟ್ಟ ಕಾವಲು

“ಗುರುಗಳೇ, ಹೊರಗಿನವನೊಬ್ಬ ಬರೆದ ಕಿರು ಆಟಗಳನ್ನು ನಮ್ಮ ಗೇಮ್ ಸರ್ವರಿಗೆ ಜೋಡಿಸಬೇಕಾಗಿದೆ. ಅವನ ಬಗ್ಗೆ ಎಷ್ಟು ಅನುಮಾನ ಪಟ್ಟರೆ ಸಾಕು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬಳು ಗೇಮ್ ಸರ್ವರ್ ನಡೆಸುತ್ತಿದ್ದಳು. ಬೇರೆ ಬೇರೆ ಊರುಗಳ ಇನ್ನೂರು ಜನ ತಮ್ಮ ತಮ್ಮ ಮನೆಯಲ್ಲೇ ಕುಳಿತು ಅದರೊಳಗಿನ ಒಂದೇ ಲೋಕದಲ್ಲಿ ಸೇರಿ ಆಡುತ್ತಿದ್ದರು. ಮರ ಕಡಿದು, ಕಲ್ಲು ಅಗೆದು, ಅಲ್ಲೊಂದು ಊರನ್ನೇ ಕಟ್ಟಿದ್ದರು. ಆ ಲೋಕದ ನಿಯಮಗಳೆಲ್ಲ ಒಂದು ಮಾಡ್‌ನಲ್ಲಿದ್ದವು. ಮೂಲ ಆಟದ ಮೇಲೆ ಅವಳೇ ಬರೆದು ಸೇರಿಸಿದ ಕೋಡ್ ಅದು. ಅದನ್ನು ಅವಳು ಯಾರಿಗೂ ತೋರಿಸುತ್ತಿರಲಿಲ್ಲ.

ಕಾರಣವಿತ್ತು. ಹಿಂದೊಮ್ಮೆ ಪರಿಚಯದವನೊಬ್ಬ ಸಹಾಯ ಮಾಡುವುದಾಗಿ ಬಂದು ತನ್ನ ಕೋಡ್ ಸೇರಿಸಿದ್ದ. ಅದರಲ್ಲಿ ಗುಟ್ಟಾಗಿ ಒಂದು ದಾರಿ ಇಟ್ಟುಕೊಂಡು, ಆಟದೊಳಗೆ ಬೇಕಾದಷ್ಟು ಚಿನ್ನ ಸೃಷ್ಟಿಸಿ ಗೆಳೆಯರಿಗೆ ಹಂಚಿದ್ದ. ತಿಂಗಳುಗಟ್ಟಲೆ ಗಣಿಯಲ್ಲಿ ಅಗೆದವರು ಬೇಸತ್ತು ಆಟ ಬಿಟ್ಟರು. ಅವರನ್ನು ಮತ್ತೆ ಕರೆತರಲು ಅವಳಿಗೆ ಒಂದು ವರ್ಷ ಹಿಡಿಯಿತು.

ಊರು ಕಟ್ಟಿ ಮುಗಿದ ಮೇಲೆ ಜನರಿಗೆ ಮಾಡಲು ಏನೂ ಉಳಿಯಲಿಲ್ಲ. ಒಬ್ಬೊಬ್ಬರೇ ಬರುವುದನ್ನು ಕಡಿಮೆ ಮಾಡಿದರು. ಆಗ ಅವಳು ಕಿರು ಆಟಗಳನ್ನು ಬರೆಯುವ ಒಬ್ಬನನ್ನು ಕರೆಸಿಕೊಂಡಳು. ಅವನ ಬಳಿ ದೋಣಿ ಓಟ, ಬಾವುಟ ಕಸಿಯುವ ಆಟ, ಹಗ್ಗದ ಸೇತುವೆ ದಾಟುವ ಆಟ ಇದ್ದವು. ಅವಳ ಊರಿನ ನಡುವೆ ಒಂದು ಬಾಗಿಲು ನಿಲ್ಲಿಸಿ, ಅದರೊಳಗೆ ಹೊಕ್ಕವರು ಈ ಆಟಗಳಿಗೆ ಹೋಗಿ ಬರುವಂತೆ ಮಾಡುವುದೆಂದು ಮಾತಾಯಿತು.

ಅವಳನ್ನು ಕಾಡಿದ್ದು ಒಂದೇ ವಿಷಯ. ದೋಣಿ ಓಟದಲ್ಲಿ ಎಲ್ಲರೂ ಬರಿಗೈಯಲ್ಲಿ ಹೊರಡಬೇಕು. ಆದ್ದರಿಂದ ಒಳಗೆ ಹೋಗುವವರ ಚೀಲವನ್ನು ಕಿರು ಆಟ ತೆಗೆದಿರಿಸಿಕೊಳ್ಳುತ್ತಿತ್ತು. ಹೊರಗೆ ಬರುವಾಗ ಹಿಂದಿರುಗಿಸುತ್ತಿತ್ತು. ಜನ ವರ್ಷಗಟ್ಟಲೆ ಕೂಡಿಸಿದ್ದು ಸ್ವಲ್ಪ ಹೊತ್ತಾದರೂ ಅವನ ಕೋಡಿನ ಕೈಯಲ್ಲಿರುತ್ತಿತ್ತು. ಅವನು ಚೀಲದಿಂದ ಏನಾದರೂ ತೆಗೆಯಬಹುದು. ಹಿಂದಿನವನಂತೆ ಖೋಟಾ ವಸ್ತುಗಳನ್ನು ತುಂಬಿ ಕಳಿಸಲೂಬಹುದು.

ಅವಳು ತನ್ನ ಮಾಡ್‌ನಲ್ಲಿ ಒಂದು ಕಾವಲು ಬರೆದಳು. ಬಾಗಿಲಿನಿಂದ ಮರಳುವ ಪ್ರತಿ ಚೀಲವನ್ನೂ ಅದು ತೆರೆದು ನೋಡುತ್ತಿತ್ತು. ತನ್ನ ಲೋಕದಲ್ಲಿರುವ ವಸ್ತುಗಳ ಹೆಸರನ್ನೆಲ್ಲ ಅವಳು ಒಂದು ಪಟ್ಟಿ ಮಾಡಿಟ್ಟಿದ್ದಳು. ಪಟ್ಟಿಯಲ್ಲಿ ಹೆಸರಿಲ್ಲದ ವಸ್ತು ಒಳಗೆ ಬರುವಂತಿರಲಿಲ್ಲ. ಹೊಸ ಚೀಲವೊಂದಕ್ಕೆ ಮರ, ಕಲ್ಲು, ಚಿನ್ನ, ಕತ್ತಿ ತುಂಬಿಕೊಂಡು ಒಮ್ಮೆ ತಾನೇ ಹೋಗಿ ಬಂದಳು. ಎಲ್ಲವೂ ಸರಿಯಾಗಿತ್ತು. ಕಾವಲಿನ ವಿಷಯವನ್ನು ಅವನಿಗೆ ಹೇಳಲಿಲ್ಲ.

ಜನ ಮುಗಿಬಿದ್ದು ಬಂದರು. ಬಿಟ್ಟುಹೋಗಿದ್ದವರೂ ಮರಳಿದರು.

ಎರಡನೆಯ ವಾರ ರೈಲ್ವೆಯಲ್ಲಿ ಕೆಲಸ ಮಾಡುವ ಒಬ್ಬ ಆಟಗಾರ ದೋಣಿ ಓಟಕ್ಕೆ ಹೋಗಿ ಬಂದ ಮೇಲೆ ತನ್ನ ಗುದ್ದಲಿ ಕಾಣುತ್ತಿಲ್ಲ ಎಂದ. ಅದಕ್ಕೆ ಅವನು ಮಗಳ ಹೆಸರಿಟ್ಟಿದ್ದ. ಮರುದಿನ ಇನ್ನೊಬ್ಬಳು ಕುದುರೆಯ ಜೀನು ಹೋಯಿತೆಂದಳು. ನಾಲ್ಕು ದಿನ ಕಳೆದು ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಅವರೂ ಅವರ ಅಣ್ಣನೂ ಎರಡು ಊರುಗಳಲ್ಲಿದ್ದುಕೊಂಡು ಈ ಲೋಕದಲ್ಲಿ ಜೊತೆಯಾಗಿ ಆಡುತ್ತಿದ್ದರು. ಅಣ್ಣ ತೀರಿಕೊಳ್ಳುವ ಮೊದಲು, ತಾವಿಬ್ಬರೂ ಅಲೆದ ದಾರಿಗಳ ನಕ್ಷೆಯೊಂದನ್ನು ಆಟದೊಳಗೇ ಬರೆದು, ಮೇಲೆ ತಮ್ಮನ ಹೆಸರು ಹಾಕಿ ಕೊಟ್ಟಿದ್ದರು. ಆ ನಕ್ಷೆ ಈಗ ಚೀಲದಲ್ಲಿರಲಿಲ್ಲ.

“ಚೀಲದಲ್ಲಿ ಚಿನ್ನವೂ ಇತ್ತು ತಾಯಿ, ಅದು ಹಾಗೇ ಇದೆ. ಚಿನ್ನ ಬಿಟ್ಟು ನನ್ನ ನಕ್ಷೆ ಒಯ್ದವನಿಗೆ ಅದರಿಂದ ಏನು ಸಿಕ್ಕೀತು?” ಎಂದು ಮೇಷ್ಟ್ರು ಕೇಳಿದರು.

“ನೋವಾಗಲಿ ಎಂದೇ ಒಯ್ದಿದ್ದಾನೆ,” ಎಂದಳು ಅವಳು.

ಅಂದಿನಿಂದ ಅವಳು ಆ ಆಟ ಬರೆದವನನ್ನು ಗಮನಿಸತೊಡಗಿದಳು. ಅವನು ಯಾವಾಗ ಬರುತ್ತಾನೆ, ಯಾರೊಡನೆ ಮಾತಾಡುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ ಎಂದು ಬರೆದಿಟ್ಟುಕೊಂಡಳು. ವಸ್ತು ಕಳೆದ ಪ್ರತಿ ಸಲವೂ ಅವನು ಅಲ್ಲಿದ್ದ. ತನ್ನ ಆಟಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಲು ಅವನು ದಿನವೂ ಬರುತ್ತಿದ್ದ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಬರೆದಿಟ್ಟುಕೊಂಡಳು.

ಅವನ ಕೋಡನ್ನು ಒಂಬತ್ತು ದಿನ ಕುಳಿತು ಸಾಲುಸಾಲಾಗಿ ಓದಿದಳು. ತಪ್ಪು ಸಿಗಲಿಲ್ಲ. ಇಷ್ಟು ಶುದ್ಧವಾಗಿ ಬರೆದವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು. ಅವನು ಅವಳನ್ನು ಕಂಡು ನಮಸ್ಕಾರ ಎಂದರೆ ಈ ವಿನಯ ಏತಕ್ಕೆ ಎಂದು ಯೋಚಿಸಿದಳು. ಮಾತಾಡದೆ ಹೋದ ದಿನ, ಹೆದರಿದ್ದಾನೆ ಎಂದುಕೊಂಡಳು.

ಕಳೆದುಕೊಂಡವರು ಹನ್ನೊಂದು ಜನರಾದಾಗ ಅವಳು ಊರಿನವರೆಲ್ಲರ ಎದುರು ಅವನನ್ನು ನಿಲ್ಲಿಸಿ ಕೇಳಿದಳು.

“ನನ್ನ ಕಡೆಯಿಂದ ಚೀಲ ಹೇಗಿತ್ತೋ ಹಾಗೇ ಹೊರಡುತ್ತದೆ,” ಎಂದ ಅವನು. “ಆಮೇಲೆ ನಿಮ್ಮ ಮಾಡ್ ಅದನ್ನು ಹೇಗೆ ತೆಗೆದುಕೊಳ್ಳುತ್ತದೆ ಎಂದು ನನಗೆ ಗೊತ್ತಿಲ್ಲ. ಆ ಭಾಗವನ್ನು ಒಮ್ಮೆ ತೋರಿಸಿ, ಇಬ್ಬರೂ ಕೂತು ನೋಡೋಣ.”

“ನನ್ನ ಕೋಡ್ ನೋಡಬೇಕೆಂದೇ ನೀನು ಬಂದದ್ದು ಎಂದು ನನಗೆ ಮೊದಲೇ ಗೊತ್ತಿತ್ತು,” ಎಂದಳು ಅವಳು.

ಅವಳು ಅವನ ಆಟಗಳನ್ನು ತೆಗೆದುಹಾಕಿದಳು. ಅವನು ಮತ್ತೆಂದೂ ಬಾರದಂತೆ ತಡೆ ಹಾಕಿದಳು. ಅವನು ಕಳ್ಳನೆಂಬ ಮಾತು ಇತರ ಸರ್ವರುಗಳಿಗೂ ಹಬ್ಬಿತು. ಅವನ ಆಟಗಳನ್ನು ಹಾಕಿಕೊಂಡಿದ್ದ ಇನ್ನೂ ಮೂವರು ಅವುಗಳನ್ನು ಕಿತ್ತುಹಾಕಿದರು.

ವಸ್ತುಗಳು ಕಳೆಯುವುದು ನಿಂತಿತು. ಬಾಗಿಲಿನೊಳಗೆ ಯಾರೂ ಹೋಗುತ್ತಿರಲಿಲ್ಲವಲ್ಲ. ನಾನು ಅಂದುಕೊಂಡದ್ದು ಸರಿಯಾಗಿತ್ತು ಎಂದು ಅವಳು ಎಲ್ಲರಿಗೂ ಹೇಳಿದಳು.

ಎರಡು ತಿಂಗಳಲ್ಲಿ ಜನ ಮತ್ತೆ ಬೇಸರಪಟ್ಟರು. ಈ ಬಾರಿ ಅವಳು ಯಾರನ್ನೂ ಕರೆಯಲಿಲ್ಲ. ತಾನೇ ಒಂದು ಸಣ್ಣ ಚಕ್ರವ್ಯೂಹದ ಆಟ ಬರೆದು ಅದೇ ಬಾಗಿಲಿಗೆ ಜೋಡಿಸಿದಳು. ಒಂದು ಬೆಳಿಗ್ಗೆ, ಬೇರೆ ಯಾರೂ ಬಂದಿರದ ಹೊತ್ತಿನಲ್ಲಿ, ತಾನು ದಿನವೂ ಬಳಸುವ ಚೀಲದೊಂದಿಗೆ ಒಳಗೆ ಹೋದಳು. ವ್ಯೂಹ ದಾಟಿ ಹೊರಗೆ ಬಂದು ಚೀಲ ತೆರೆದಳು. ಊರಿನವರೆಲ್ಲ ಸೇರಿ, ಅವಳ ಹೆಸರು ಕೆತ್ತಿ, ಕಾಣಿಕೆಯಾಗಿ ಕೊಟ್ಟಿದ್ದ ಲಾಂದ್ರ ಅದರಲ್ಲಿರಲಿಲ್ಲ.

ಅವಳು ಸುತ್ತ ನೋಡಿದಳು. ಆ ಲೋಕದಲ್ಲಿ ಆಗ ಇದ್ದದ್ದು ಅವಳೊಬ್ಬಳೇ. ಅವನು ಹೇಗೋ ನುಸುಳಿರಬೇಕು ಎಂದು ಮೊದಲು ತಡೆಯನ್ನು ಪರೀಕ್ಷಿಸಿದಳು. ತಡೆ ಗಟ್ಟಿಯಾಗಿತ್ತು. ಅವನ ಕೋಡಿನ ಚೂರೇನಾದರೂ ಉಳಿದಿದೆಯೇ ಎಂದು ಹುಡುಕಿದಳು. ಉಳಿದಿರಲಿಲ್ಲ. ನೋಡಲು ಬೇರೆ ಏನೂ ಇಲ್ಲವಾದಾಗ ತನ್ನ ಕಾವಲನ್ನು ತೆರೆದಳು. ನಲವತ್ತು ಸಾಲು. ಬರೆದ ದಿನದಿಂದ ಒಮ್ಮೆಯೂ ಅದನ್ನು ತೆರೆದಿರಲಿಲ್ಲ.

ಕಾವಲು ವಸ್ತುವನ್ನು ಗುರುತಿಸುತ್ತಿದ್ದದ್ದು ಅದರ ಮೇಲಿನ ಹೆಸರಿನಿಂದ. ಬರಿಯ ಗುದ್ದಲಿ ಬಂದರೆ ಗುದ್ದಲಿ ಎಂದು ಪಟ್ಟಿಯಲ್ಲಿ ಸಿಗುತ್ತಿತ್ತು. ಮಗಳ ಹೆಸರಿಟ್ಟ ಗುದ್ದಲಿ ಬಂದರೆ ಆ ಹೆಸರು ಪಟ್ಟಿಯಲ್ಲಿರಲಿಲ್ಲ. ಅದನ್ನು ಖೋಟಾ ಎಂದು ತಿಳಿದು ಕಾವಲು ಅಳಿಸಿಹಾಕುತ್ತಿತ್ತು. ಚಿನ್ನಕ್ಕೆ ಯಾರೂ ಹೆಸರಿಡುವುದಿಲ್ಲ. ಪ್ರೀತಿಯ ವಸ್ತುಗಳಿಗೆ ಮಾತ್ರ ಇಡುತ್ತಾರೆ.

ಅಳಿಸಿದ್ದನ್ನು ಕಾವಲು ಎಲ್ಲಿಯೂ ಉಳಿಸಿಕೊಂಡಿರಲಿಲ್ಲ.

ಅವಳು ಊರಿನವರನ್ನೆಲ್ಲ ಸೇರಿಸಿ ತಪ್ಪು ತನ್ನದೆಂದು ಹೇಳಿದಳು. ಮೂರು ಸರ್ವರುಗಳವರಿಗೂ ಬರೆದಳು. ಒಬ್ಬರು ಅವನ ಆಟಗಳನ್ನು ಮತ್ತೆ ಹಾಕಿಕೊಂಡರು. ಇಬ್ಬರು ಉತ್ತರಿಸಲಿಲ್ಲ. ರೈಲ್ವೆಯವನು ಹೊಸ ಗುದ್ದಲಿ ಮಾಡಿಕೊಂಡು ಅದೇ ಹೆಸರಿಟ್ಟ. ಮೇಷ್ಟ್ರು ನೆನಪಿನಿಂದಲೇ ಅಣ್ಣನ ದಾರಿಗಳನ್ನು ಮತ್ತೆ ನಡೆದು ನೋಡಿದರು. ಕೆಲವು ಸಿಕ್ಕವು.

ಕೊನೆಗೆ ಅವಳು ಅವನಿಗೆ ಬರೆದಳು. ಕಾವಲಿನ ತಪ್ಪು ಸಾಲನ್ನೂ ಸೇರಿಸಿ ನಡೆದದ್ದೆಲ್ಲವನ್ನೂ ತಿಳಿಸಿ ಕ್ಷಮೆ ಕೇಳಿದಳು, ಮರಳಿ ಬರಬೇಕೆಂದು ಬೇಡಿಕೊಂಡಳು. ಹೆಸರನ್ನಲ್ಲ, ವಸ್ತುವಿನ ಜಾತಿಯನ್ನು ನೋಡುವಂತೆ ಆ ಸಾಲನ್ನು ಬದಲಿಸಿ ಎಂದಷ್ಟೇ ಅವನು ಉತ್ತರ ಬರೆದ. ಬರಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಗುರುಗಳೇ, ಕೊನೆಯಲ್ಲಿ ಅಷ್ಟು ಸರಿಯಾಗಿ ಹೇಳಿದನಲ್ಲ, ಆ ಸಾಲು ತಪ್ಪಿದೆಯೆಂದು ಅವನಿಗೆ ಮೊದಲೇ ಗೊತ್ತಿದ್ದಿರಬೇಕು. ಗೊತ್ತಿದ್ದೂ ಬೇಕೆಂದೇ ಸುಮ್ಮನಿದ್ದನೇ?”

“ನಾನು ಹೇಳಿದ್ದು ಅವಳ ಕತೆ,” ಎಂದರು ಗುರು, “ನೀನು ಇನ್ನೂ ಅವನನ್ನೇ ವಿಚಾರಣೆ ಮಾಡುತ್ತಿದ್ದೀಯ.”