ನಕ್ಷೆಯಲ್ಲೊಂದು ತೂತು

ಲೋಕದ ಮೊದಲ ನಕ್ಷೆ ಬಿಡಿಸಿದವನು ನಮ್ಮ ತಾತ. ಸುಳ್ಳು. ಕೆರೆಗೆ ಹೋಗಬೇಕಾದರೂ ಅವನ ಮುಂದೆ ಎಮ್ಮೆ ನಡೆಯಬೇಕಿತ್ತು. ಇನ್ನು ಹೇಳುವುದು ಮಾತ್ರ ನಿಜ, ಹೆಚ್ಚುಕಮ್ಮಿ.

ಮರುಳಯ್ಯ ಗುರುಗಳು ಶಿಷ್ಯ ತೋಂಟೇಶನ ಜೊತೆ ಆಶ್ರಮದ ಜೀಪಿನಲ್ಲಿ ಹೊರಟಿದ್ದರು. ಹೊಳೆಯಾಚೆಯ ಮಠದಲ್ಲಿ ಅವತ್ತು ಬೆಳಗಿನ ಮುಹೂರ್ತಕ್ಕೆ ತೋಂಟೇಶನಿಗೆ ದೀಕ್ಷೆ. ತಪ್ಪಿದರೆ ಮುಂದಿನ ವರ್ಷವೇ.

ಶಿಷ್ಯನಿಗೆ ಫೋನು ದಾರಿ ಹೇಳುತ್ತಿತ್ತು. ಗುರುಗಳ ತೊಡೆಯ ಮೇಲೆ ಹಳೆಯ ಕಾಗದದ ನಕ್ಷೆ, ಮಡಿಚಿದ ಕಡೆಯೆಲ್ಲ ಸವೆದು ತೂತು. ಇದರಲ್ಲಿ ಉಪ್ಪಿಟ್ಟು ಕಟ್ಟಿಕೊಳ್ಳಬಹುದಿತ್ತು ಬುದ್ಧಿ ಅಂತ ಶಿಷ್ಯ ಛೇಡಿಸಿದ. ಸೋರುತ್ತದಪ್ಪ ಅಂದರು ಗುರುಗಳು.

ಬೆಳಕು ಹರಿದರೂ ಮಂಜು ಬಿಟ್ಟಿರಲಿಲ್ಲ. ಒಂದೆಡೆ ಗುರುಗಳು ಜೀಪು ನಿಲ್ಲಿಸಲು ಹೇಳಿದರು.

“ಯಾಕೆ ಬುದ್ಧಿ? ನೇರ ಹೋಗು ಅಂತಿದೆ. ಸೇತುವೆ ದಾಟಿದರೆ ಮಠ.”

“ನನ್ನ ನಕ್ಷೆ ಇಲ್ಲಿ ತೂತು.”

ಮುಹೂರ್ತ ಮೀರುತ್ತದೆ ಅಂತ ಶಿಷ್ಯ ಗೊಣಗಿದ. ಗುರುಗಳು ಆಗಲೇ ಇಳಿದು, ಕೋಲೂರುತ್ತ ಜೀಪಿನ ಮುಂದೆ ನಡೆಯತೊಡಗಿದ್ದರು. ಅವನು ಹಲ್ಲು ಕಚ್ಚಿ ಹಿಂದಿನಿಂದ ಜೀಪನ್ನು ತೆವಳಿಸಿದ.

ಗುರುಗಳು ಮತ್ತೊಮ್ಮೆ ಕೋಲೂರಿದರು. ಕೋಲಿಗೆ ನೆಲ ಸಿಗಲಿಲ್ಲ.

ಶಿಷ್ಯ ಇಳಿದು ಬಂದು ಇಣುಕಿದ. ಸೇತುವೆ ಇರಬೇಕಾದ ಕಡೆ ಮುರಿದ ಎರಡು ಕಂಬ. ಕೆಳಗೆ, ತುಂಬ ಕೆಳಗೆ, ಹೊಳೆ. ಅಡ್ಡ ಇಟ್ಟಿದ್ದ ಮುಳ್ಳುಕಂಟಿ ಯಾವಾಗಲೋ ಗಾಳಿಗೆ ಪಕ್ಕಕ್ಕೆ ಉರುಳಿತ್ತು. ಜೀಪಿನೊಳಗಿಂದ ಫೋನು ಇನ್ನೂ ನೇರ ಹೋಗಿ ಅನ್ನುತ್ತಲೇ ಇತ್ತು.

ತೋಂಟೇಶ ಜೀಪಿನ ಚಕ್ರಕ್ಕೆ ಕಲ್ಲು ಕೊಟ್ಟು ಬಂದ.

“ಸೇತುವೆ ಇಲ್ಲ ಅಂತ ನಿಮ್ಮ ನಕ್ಷೆಯಲ್ಲಿತ್ತಾ ಬುದ್ಧಿ?”

“ಇಲ್ಲಪ್ಪ. ಮುಂದೇನು ಅಂತ ನನಗೆ ಗೊತ್ತಿರಲಿಲ್ಲ. ಇಳಿದು ನೋಡಿದೆ.”

ಸುತ್ತುದಾರಿ ಹಿಡಿದು ಪೇಟೆ ತಲುಪುವಷ್ಟರಲ್ಲಿ ಮುಹೂರ್ತ ಕಳೆದಿತ್ತು. ಇಬ್ಬರೂ ಚಹಾದಂಗಡಿಯಲ್ಲಿ ಕೂತು ಚಹಾ ಕುಡಿದರು. ತೋಂಟೇಶ ಎದುರಿನ ಅಂಗಡಿಗೆ ಹೋಗಿ ಹೊಸದೊಂದು ನಕ್ಷೆ ಕೊಂಡು ತಂದು ಗುರುಗಳ ಮುಂದೆ ಹಾಸಿದ. ದೀಕ್ಷೆಯಂತೂ ಹೋಯಿತು, ಒಂದು ಮಾತಿನ ಉಪದೇಶವನ್ನಾದರೂ ಕೊಡಿ ಅಂತ ಬೇಡಿಕೊಂಡ.

ಗುರುಗಳು ಗರಿಗರಿ ಕಾಗದವನ್ನು ಅಂಗೈಯಿಂದ ಸವರಿದರು. ಒಂದು ಜಾಗ ಹುಡುಕಿ, ಹೆಬ್ಬೆರಳು ಒತ್ತಿ, ತೂತು ಮಾಡಿದರು.

ಶಿಷ್ಯ ಬೆಚ್ಚಿಬಿದ್ದ. “ಬುದ್ಧಿ, ಅದು ನಮ್ಮ ಆಶ್ರಮ. ಅಲ್ಲಿಯ ದಾರಿ ನನಗೆ ಕಣ್ಣು ಮುಚ್ಚಿದರೂ ಗೊತ್ತು.”

“ಅದಕ್ಕೇ ಮಾಡಿದ್ದು,” ಅಂದರು ಗುರುಗಳು. “ಈಗ ಕಣ್ಣು ಬಿಟ್ಟು, ನಮ್ಮಿಬ್ಬರ ಚಹಾದ ದುಡ್ಡು ಕೊಟ್ಟು ಬಾ.”