ಮುಂಗೈ ಸಾಲಿ

ಹಿರೇಗುಂಡಾಳದ ಊರ ಹೊರಗೆ, ಹಾಸುಬಂಡೆಯ ಮೇಲೆ, ಒಂದೇ ಕೋಣೆಯ ಕಲ್ಲಿನ ಶಾಲೆಯೊಂದಿದೆ. ಮಕ್ಕಳು ಹೊಸ ಕಟ್ಟಡಕ್ಕೆ ಹೋಗಿ ಎಷ್ಟೋ ವರ್ಷಗಳಾದವು. ಆದರೂ ಊರವರು ಪ್ರತಿ ಯುಗಾದಿಗೆ ಇದರ ಮಾಳಿಗೆಗೆ ಮಣ್ಣು ಹಾಕಿಸುತ್ತಾರೆ, ಗೋಡೆಗೆ ಸುಣ್ಣ ಬಳಿಸುತ್ತಾರೆ. ಸವೆದು ನಡು ತಗ್ಗಾದ ಮರದ ಹೊಸ್ತಿಲನ್ನು ಬದಲಿಸೋಣವೆಂದ ಎಂಜಿನಿಯರರಿಗೆ ಮಾತ್ರ ಚಹಾ ಕುಡಿಸಿ ಮರ್ಯಾದೆಯಿಂದ ಸಾಗಹಾಕಿದರಂತೆ. ಇದಕ್ಕೆ ಮುಂಗೈ ಸಾಲಿ ಎಂಬ ಹೆಸರು ಬಂದ ಬಗೆಯನ್ನು ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯ ದೇಸಾಯಿ ಹೊಸ ವಾಡೆ ಕಟ್ಟಿಸುತ್ತಿದ್ದ. ನಡುಮನೆಗೆ ಸಾಲುವಷ್ಟು ಉದ್ದದ ಸಾಗವಾನಿ ತೊಲೆ ಎಲ್ಲೂ ಸಿಗದೆ ಅವನ ಕಣ್ಣು ಶಾಲೆಯ ತೊಲೆಯ ಮೇಲೆ ಬಿತ್ತು. ದೊಡ್ಡವರ ಕಣ್ಣು ಬಿದ್ದದ್ದು ಉಳಿಯುವುದುಂಟೆ? ಬಡಿಗ ಬಂದು ತೊಲೆಗೆ ಕೆಮ್ಮಣ್ಣಿನ ಗುರುತು ಹಾಕಿ ಹೋದ. ಓದಿಸುತ್ತಿದ್ದ ಮುದುಕ ಚರಂತಯ್ಯ ಒಳಗಿನಿಂದ ಅಗಳಿ ಜಡಿದು ಕೂತ. ಬಾಗಿಲು ಒಡೆಯುವ ಕೆಲಸ ವಾಡೆಯ ಚಾಕರಿಯ ತಳವಾರ ಭರಮನ ಹೆಗಲಿಗೆ ಬಿತ್ತು. ಸಂಜೆಯೊಳಗೆ ತೊಲೆ ಬರದಿದ್ದರೆ ನಿನ್ನ ಬಲಗೈ ಕಡಿಸುತ್ತೇನೆಂದು ದೇಸಾಯಿ ಹೇಳಿದ್ದ. ಹೇಳಿದ್ದನ್ನು ಮಾಡುವ ಮನುಷ್ಯ. ಭರಮ ಆ ಕೋಣೆಯ ಮರಳಿನಲ್ಲೇ ಅಕ್ಷರ ತಿದ್ದಿದವನು. ಆದರೆ ಕೈಯ ಆಸೆ ಯಾರಿಗಿಲ್ಲ?

ಏಳು ಏಟಿಗೆ ಬಾಗಿಲು ಸೀಳಿತು. ಅಡ್ಡ ಬಂದರೆ ಮುದುಕನನ್ನೂ ಕಡಿ ಎಂದು ದೇಸಾಯಿಯ ಸೋದರಳಿಯ ರಾಯನಗೌಡ ಹಿಂದಿನಿಂದ ಗದರಿಸಿದ. ಭರಮ ಒಳಗೆ ಹೋಗಬೇಕು, ಅಷ್ಟರಲ್ಲಿ ಕಾಲು ತಾನಾಗಿ ಕೆರ ಕಳಚಿತು. ಕೊಡಲಿ ಎಡಗೈಗೆ ಹೋಯಿತು, ಬೆನ್ನು ಬಾಗಿತು, ಬಲಗೈ ಹೊಸ್ತಿಲು ಮುಟ್ಟಿತು. ಚರಂತಯ್ಯ ತನ್ನಲ್ಲಿ ಓದಲು ಬಂದ ಮಕ್ಕಳಿಗೆಲ್ಲ ಅಕ್ಷರಕ್ಕಿಂತ ಮುಂಚೆ ಕಲಿಸಿದ ಪಾಠ ಅದು. ಇವನು ಮುದುಕನಿಗೆ ಶರಣಾದನೆಂದು ತಿಳಿದ ರಾಯನಗೌಡ, ಮಾವನ ಮಾತನ್ನು ಅಲ್ಲೇ ನಡೆಸಿಬಿಟ್ಟ. ಮುಂಗೈ ತುಂಡಾಗಿ ಒಳಗಿನ ಮರಳಿಗೆ ಬಿತ್ತು. ಕತ್ತಿ ಹೊಸ್ತಿಲಲ್ಲಿ ಕಚ್ಚಿಕೊಂಡಿತು. ಅದನ್ನು ಕೀಳಲು ಅವನು ಬಾಗಿದಾಗ ಭರಮನ ಎಡಗೈಯ ಕೊಡಲಿ ಅವನ ಕುತ್ತಿಗೆಗೆ ಇಳಿಯಿತು. ಹೆಣ ಶಾಲೆಯೊಳಕ್ಕೆ ಉರುಳಿತು. ರಾಯನಗೌಡನ ಜೊತೆ ಬಂದಿದ್ದ ಇಬ್ಬರು ಬಂಟರು ಭರಮನ ಮೇಲೆ ಬಿದ್ದರು. ಒಬ್ಬನ ತಲೆ ಒಡೆಯಿತು, ಇನ್ನೊಬ್ಬನ ಈಟಿ ಭರಮನ ಪಕ್ಕೆ ಹೊಕ್ಕಿತು. ಬಾಗಿಲವಾಡಕ್ಕೆ ಒರಗಿ ಕುಸಿದ ಅವನು ತೊಲೆ ಇಳಿಸಲು ಬಂದು ಅಂಗಳದಲ್ಲಿ ನಿಂತಿದ್ದ ಬಡಿಗನನ್ನು ಕರೆದ.

“ಬರ್ರಿ ಬಡಿಗ್ಯಾರ, ಈಗ ಒಯ್ರಿ ತೊಲಿ. ಹೆಣಾ ಬಿದ್ದ ಮನಿ ಮರಾ ದೇಸಾಯರ ಹೊಸ ವಾಡೇಕ ಏರಸ್ರಿ.”

ಬಡಿಗ ಉಳಿ, ಬಾಚಿ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ. ಹೆಣ ಬಿದ್ದ ಮನೆಯ ಮರವನ್ನು ಹೊಸ ಮನೆಗೆ ಏರಿಸುವ ಎದೆ ದೇಸಾಯಿಗೂ ಇರಲಿಲ್ಲ ಎನ್ನುತ್ತಾರೆ. ಹೊತ್ತು ಮುಳುಗುವ ಮುಂಚೆ ಭರಮ ಚರಂತಯ್ಯನ ತೊಡೆಯ ಮೇಲೆ ಪ್ರಾಣ ಬಿಟ್ಟ.

ತೊಲೆ ಇಂದಿಗೂ ಅಲ್ಲೇ ಇದೆ, ಕೆಮ್ಮಣ್ಣಿನ ಗುರುತಿನ ಸಮೇತ. ಹೊಸ್ತಿಲಲ್ಲಿ ಕತ್ತಿಯ ಗಾಯ ಬೆರಳು ಹೋಗುವಷ್ಟು ಆಳವಾಗಿದೆ. ಹೊಸ ಶಾಲೆಗೆ ಸೇರುವ ಪ್ರತಿ ಮಗುವನ್ನೂ ಮೊದಲು ಇಲ್ಲಿಗೆ ಕರೆತಂದು, ಅದರ ಬಲಗೈಯನ್ನು ಆ ಗಾಯದ ಮೇಲೆ ಇಡಿಸುತ್ತಾರೆ. ಪಾಟಿ ಕೊಡುವುದು ಆಮೇಲೆ.