ಗೇಟಿನವರೆಗೆ ಬಂದ ಬೆಣ್ಣೆ ದೋಸೆ

ರುದ್ರಮ್ಮನ ಹೋಟೆಲಿನ ಬೆಣ್ಣೆ ದೋಸೆ ಬಾಯಿಗಿಟ್ಟರೆ ಗುಮಾಸ್ತ ಕರಿಬಸಪ್ಪನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಮತ್ತೆ ಕಣ್ಣು ಬಿಡುವ ಹೊತ್ತಿಗೆ ಗಂಟೆ ಹನ್ನೊಂದು; ಕಚೇರಿಗೆ ದಿನವೂ ತಡ.

ಒಂದು ದಿನ ಕಚೇರಿಯ ಸಾಹೇಬರು ಗುಡುಗಿದರು. "ಅಂಥದ್ದೇನಯ್ಯಾ ಆ ದೋಸೆಯಲ್ಲಿ? ನಾಳೆ ನನ್ನ ಮೇಜಿಗೆ ತಾ. ಗರಿಗರಿಯಾಗಿರಬೇಕು. ಮೆತ್ತಗಾದದ್ದನ್ನು ತಂದೆಯೋ, ನಿನ್ನನ್ನು ಹಳೇ ಕಡತದ ಕೋಣೆಗೆ ಹಾಕ್ತೀನಿ."

ಮರುದಿನ ಕರಿಬಸಪ್ಪ ಬರಿಗೈಯಲ್ಲಿ ಬಂದ. "ಕೆರೆ ಏರಿ ತನಕ ಗರಿಗರಿಯಾಗೇ ಇತ್ತು ಸರ್. ಆಮೇಲೆ ಮೆತ್ತಗಾಯ್ತು. ಮೆತ್ತಗಿರೋದನ್ನ ತರಬೇಡ ಅಂದಿದ್ರಲ್ಲ, ಅಲ್ಲೇ ತಿಂದುಬಿಟ್ಟೆ."

ಅದರ ಮಾರನೆಯ ದಿನ ದೋಸೆ ಅಂಚೆ ಕಚೇರಿ ದಾಟಿತು. ಮೂರನೆಯ ದಿನ ಕಚೇರಿಯ ಗೇಟಿನವರೆಗೂ ಬಂತು.

"ಬೆಣ್ಣೆ ಆಗಷ್ಟೇ ಕರಗಿ ಅಂಚಿನ ಕಡೆ ಹರೀತಾ ಇತ್ತು ಸರ್," ಎಂದ ಕರಿಬಸಪ್ಪ, ಕನಸಿನಲ್ಲಿ ಮಾತಾಡುವವನಂತೆ. ಸಾಹೇಬರ ಪೆನ್ನು ಅರ್ಧ ಸಹಿಯಲ್ಲೇ ನಿಂತಿತು.

ನಾಲ್ಕನೆಯ ದಿನ ಸಾಹೇಬರೇ ಹೋಟೆಲಿಗೆ ಹೋದರು. ಒಂದು ಕುರ್ಚಿಯೂ ಖಾಲಿಯಿಲ್ಲ. ಉಳಿದವರಂತೆ ಅವರೂ, ತಿನ್ನುತ್ತಿದ್ದ ಒಬ್ಬನ ಕುರ್ಚಿ ಹಿಡಿದು, ಅವನು ಏಳುವುದನ್ನೇ ಕಾಯುತ್ತಾ ಬೆನ್ನ ಹಿಂದೆ ನಿಂತರು. ಅವನು ಏಳಲಿಲ್ಲ. ಕೊನೆಗೆ ಕಚೇರಿಯಲ್ಲಿ ಕೆಮ್ಮುವಂತೆ ಒಮ್ಮೆ ಕೆಮ್ಮಿದರು.

ಕುರ್ಚಿಯಲ್ಲಿದ್ದವನು ಆ ಕೆಮ್ಮನ್ನು ಗುರುತು ಹಿಡಿದ. ಆದರೆ ಕಣ್ಣು ಬಿಡಲಿಲ್ಲ.

"ಇನ್ನೊಂದು ದೋಸೆ ಹೇಳಿದ್ದೀನಿ ಸರ್," ಎಂದ ಕರಿಬಸಪ್ಪ. "ಸ್ವಲ್ಪ ನಿಂತಿರಿ."